ಕಲ್ಯಾಣದ ಒಂದು ಮನೆತನ

ಬಸವಕಲ್ಯಾಣದಿಂದ ನಾರಾಯಣಪುರಕ್ಕೆ ಹೋಗುವ ಹಾದಿಯು ದೂರದ್ದಲ್ಲ; ಬೆಳಗಿನ ತಂಪಿನಲ್ಲಿ ಹೊರಟವನು ಬಿಸಿಲೇರುವುದರೊಳಗಾಗಿ ಕಾಲ್ನಡಗೆಯಿಂದಲೇ ಊರು ಮುಟ್ಟುವನು. ಅಲ್ಲಿ ಚಾಲುಕ್ಯರ ಕಾಲದ ಒಂದು ಶಿವಾಲಯವಿರುವುದು. ಮಳೆಗಾಳಿಗಳಿಗೆ ಮೈಯೊಡ್ಡಿ ಸವೆದ ಅದರ ಗೋಡೆಗಳ ಮುಂದೆ ನಿಂತ ಪ್ರವಾಸಿಗೆ ಮೊದಲು ಹೊಳೆಯುವ ಪ್ರಶ್ನೆಯೆಂದರೆ, ಹಳ್ಳಿಯಲ್ಲಿಯೇ ಇಂತಹ ಗುಡಿಯಿದ್ದ ಮೇಲೆ ರಾಜಧಾನಿಯಲ್ಲಿ ಅರಸರ ಮನೆಯು ಹೇಗಿದ್ದಿರಬೇಕು ಎಂಬುದು. ಆತನು ಕಲ್ಯಾಣಕ್ಕೆ ಮರಳಿ ಬಂದು ಹುಡುಕಿದರೆ ಆ ಮನೆಯು ಸಿಕ್ಕುವುದಿಲ್ಲ. ಕೋಟೆಯುಂಟು, ಆದರೆ ಅದರ ಈಗಿನ ರೂಪು ಬಹುಮಟ್ಟಿಗೆ ಆ ಮೇಲೆ ಬಂದ ಅರಸರದು. ಚಾಲುಕ್ಯ ಚಕ್ರವರ್ತಿಗಳು ಕುಳಿತ ಸಭೆ, ಕವಿಗಳು ಬಿರುದು ಪಡೆದ ಅಂಗಳ, ರಾಣಿಯರು ನರ್ತಿಸಿದ ಮಂಟಪ ಇವುಗಳಲ್ಲಿ ಯಾವುದನ್ನೂ ಬೆರಳೆತ್ತಿ ತೋರಿಸುವ ಹಾಗಿಲ್ಲ.

ಮನೆಯು ಹೋಯಿತು, ಮನೆತನದ ಸೊತ್ತು ಉಳಿಯಿತು. ಆದರೆ ಆ ಸೊತ್ತು ಯಾವುದು ಎಂಬ ವಿಷಯದಲ್ಲಿ ಜನರ ತಿಳಿವಳಿಕೆಯು ಕೊಂಚ ಅಡ್ಡದಾರಿ ಹಿಡಿದಿರುವುದು. ಕಲ್ಯಾಣದ ಚಾಲುಕ್ಯರೆಂದೊಡನೆ ಪಾಠಶಾಲೆಯ ಹುಡುಗನು ಕಾಳಗಗಳ ಪಟ್ಟಿಯನ್ನು ಒಪ್ಪಿಸುವನು. ನರ್ಮದೆಯ ವರೆಗೆ ಏರಿ ಹೋದದ್ದು, ಚೋಳರೊಡನೆ ತಲೆಮಾರುಗಟ್ಟಲೆ ಕಾದಾಡಿದ್ದು, ಸಾಮಂತರನ್ನು ಅಡಗಿಸಿದ್ದು ಎಲ್ಲವೂ ನಿಜವೇ. ಆದರೆ ಅಜ್ಜನ ಆಶ್ರಯದಲ್ಲಿ ಕಾವ್ಯವೂ ಧರ್ಮಶಾಸ್ತ್ರವೂ ಹುಟ್ಟಿ, ಅಜ್ಜನ ತಮ್ಮನು ಕನ್ನಡದಲ್ಲಿ ವೈದ್ಯಗ್ರಂಥವನ್ನು ಬರೆದು, ಮಗನು ವಿಶ್ವಕೋಶವನ್ನು ರಚಿಸಿ, ಮೊಮ್ಮಗನು ಸಂಗೀತಶಾಸ್ತ್ರವನ್ನು ಹೇಳಿದ ಮನೆಯು ಭರತಖಂಡದ ರಾಜವಂಶಗಳಲ್ಲಿ ಎಷ್ಟಿವೆ? ಬೆರಳಿನಲ್ಲಿ ಎಣಿಸುವಷ್ಟೂ ಸಿಕ್ಕಲಾರವು.

ಈ ಮನೆಯ ಮೊದಲಾದರೋ ವಿದ್ಯೆಯಿಂದಾದುದಲ್ಲ. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟ ಕರ್ಕನನ್ನು ಕೆಡಹಿ ಮಾನ್ಯಖೇಟದ ಸಿಂಹಾಸನವನ್ನೇರಿದನು. ಬಾದಾಮಿಯ ಚಾಲುಕ್ಯರ ವಂಶದವರು ತಾವೆಂದು ಈತನ ಮನೆಯವರು ಹೇಳಿಕೊಂಡರು. ಮಾಳವದ ದೊರೆ ಮುಂಜನು ಈತನ ಮೇಲೆ ದಂಡೆತ್ತಿ ಬಂದು ಸೆರೆಸಿಕ್ಕು, ಇಲ್ಲಿಯೇ ಕೊಲ್ಲಲ್ಪಟ್ಟನು. ಮುಂಜನು ಬರಿಯ ಅರಸನಲ್ಲ. ಸ್ವತಃ ಕವಿ, ಕವಿಗಳಿಗೆ ಕಲ್ಪವೃಕ್ಷನೆನಿಸಿದವನು. ಸೆರೆಯಲ್ಲಿದ್ದ ಆತನಿಗೂ ತೈಲಪನ ತಂಗಿಗೂ ನಡೆದ ಪ್ರಣಯದ ಕತೆಯನ್ನು ಗುಜರಾತಿನ ಮೇರುತುಂಗನು ಬಹು ರಸವತ್ತಾಗಿ ಹೇಳಿರುವನು. ಅದನ್ನು ಕತೆಯೆಂದೇ ಎಣಿಸಿ ಬಿಟ್ಟುಬಿಡಬಹುದು. ಆದರೆ ಕವಿಯಾದ ಅರಸನ ರಕ್ತವು ಈ ಮನೆಯ ಹೊಸ್ತಿಲಿಗೆ ಅಂಟಿದ್ದು ಕತೆಯಲ್ಲ. ಮುಂದೆ ಮುಂಜನ ತಮ್ಮನ ಮಗನಾದ ಭೋಜರಾಜನು ಆಳುತ್ತಿದ್ದ ಧಾರಾನಗರವನ್ನು ತೈಲಪನ ವಂಶದ ಒಂದನೆಯ ಸೋಮೇಶ್ವರನು ಸೂರೆಗೊಂಡನು. ಭೋಜನು ಆ ಕಾಲದ ಅರಸರಲ್ಲಿಯೇ ಪಂಡಿತಾಗ್ರೇಸರನು. ಹೀಗೆ ಎರಡು ಸಲ ವಿದ್ಯೆಯ ಮನೆಗೆ ಕೊಳ್ಳಿಯಿಟ್ಟವರ ಮನೆಯಲ್ಲಿಯೇ ವಿದ್ಯೆಯು ಬಂದು ನೆಲೆಸಿದ್ದು ಇತಿಹಾಸದ ವಿಚಿತ್ರಗಳಲ್ಲೊಂದು.

ಹೇಗೆ ಬಂದಿತು? ಮೊದಲು ಆಶ್ರಿತರ ಕೈಹಿಡಿದು ಬಂದಿತು. ಮುದುವೊಳಲಿನ, ಎಂದರೆ ಈಗಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ತೈಲಪನ ಮಗನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಸಾಹಸಭೀಮವಿಜಯವನ್ನು ರಚಿಸಿದನು. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗುವವರ ಮಗನು ಚಕ್ರವರ್ತಿಯ ಸಭೆಯಲ್ಲಿ ಮೇಲಾದ ಪೀಠವನ್ನೇರುವುದು ಸಾಧ್ಯವಾಗಿತ್ತೆಂಬುದನ್ನು ಈ ಮನೆತನದ ಕೀರ್ತಿಗೆ ಮೊದಲನೆಯ ಕಾಣಿಕೆಯಾಗಿ ಸಲ್ಲಿಸಬಹುದು. ಆ ಮೇಲೆ ಜಯಸಿಂಹನ ಕಾಲದಲ್ಲಿ ದುರ್ಗಸಿಂಹನು ಸಂಧಿವಿಗ್ರಹಿಯಾಗಿದ್ದುಕೊಂಡೇ 1031ರಲ್ಲಿ ಕನ್ನಡ ಪಂಚತಂತ್ರವನ್ನು ಬರೆದನು. ಹಗಲು ಪರರಾಜರಿಗೆ ಓಲೆಗಳನ್ನು ಬರೆಯಿಸುತ್ತ, ಬಿಡುವಾದಾಗ ನರಿ ಸಿಂಹಗಳ ಬಾಯಲ್ಲಿ ರಾಜನೀತಿಯನ್ನು ಆಡಿಸುತ್ತಿದ್ದ ಈ ಅಧಿಕಾರಿಗೆ ಅವೆರಡೂ ಒಂದೇ ಕೆಲಸವಾಗಿ ಕಂಡಿದ್ದರೂ ಆಶ್ಚರ್ಯವಿಲ್ಲ!

ಇದೇ ಜಯಸಿಂಹನಿಗೆ ಅಕ್ಕಾದೇವಿಯೆಂಬ ಸೋದರಿಯಿದ್ದಳು. ಮನೆತನಗಳ ಕತೆಯನ್ನು ಬರೆಯುವವರು ಹೆಣ್ಣುಮಕ್ಕಳನ್ನು ಮದುವೆಯ ಲೆಕ್ಕದಲ್ಲಿ ಮಾತ್ರ ಎಣಿಸುವ ವಾಡಿಕೆಯುಂಟು. ಅಕ್ಕಾದೇವಿಯು ಆ ಲೆಕ್ಕಕ್ಕೆ ಸಿಕ್ಕುವವಳಲ್ಲ. ಕಿಸುಕಾಡು ನಾಡನ್ನು ಆಳಿದಳು, ಗೋಕಾಗೆಯ ಕೋಟೆಯನ್ನು ಮುತ್ತಿದಳು, ರಣಭೈರವಿಯೆನಿಸಿದಳು. ಅದರೊಡನೆಯೇ ಗುಣದ ಬೆಡಂಗಿಯೆಂಬ ಬಿರುದೂ ಆಕೆಗಿತ್ತು. ಸೂಡಿಯ ಶಾಸನಗಳಲ್ಲಿ ಆಕೆಯ ದಾನಗಳು ಕಾಣುತ್ತವೆ. ಅಣ್ಣತಮ್ಮಂದಿರ, ಸೋದರಳಿಯನ ಕಾಲಗಳನ್ನು ಕಂಡು ಸುಮಾರು ಅರ್ಧ ಶತಮಾನ ರಾಜಕಾರಣದಲ್ಲಿ ಬಾಳಿದ ಈ ಹೆಂಗಸಿನ ಮೇಲೆ ಯಾವ ಬಿಲ್ಹಣನೂ ಮಹಾಕಾವ್ಯವನ್ನು ಬರೆಯಲಿಲ್ಲ.

ಕಲ್ಯಾಣವು ರಾಜಧಾನಿಯಾದುದು 1042ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಸೋಮೇಶ್ವರ ಆಹವಮಲ್ಲನ ಕಾಲದಲ್ಲಿ. ಈತನ ಯುದ್ಧಗಳಲ್ಲಿ ಗೆಲವೂ ಉಂಟು, ಸೋಲೂ ಉಂಟು. ಅವುಗಳನ್ನು ವಿಸ್ತರಿಸುವುದು ಇಲ್ಲಿ ಬೇಡ. ಇದೇ ಸೀಮೆಯ ನಾಗಾವಿಯ ಮಾತು ಮಾತ್ರ ಬಿಡತಕ್ಕದ್ದಲ್ಲ. ಚಿತ್ತಾಪುರದ ಹತ್ತಿರವಿರುವ ಆ ಊರಿನಲ್ಲಿ ಈತನ ದಂಡನಾಯಕ ಮಧುಸೂದನನು ಘಟಿಕಾಸ್ಥಾನವನ್ನು ನಡೆಸಲು ಏರ್ಪಾಡು ಮಾಡಿದ್ದನ್ನು 1058ರ ಶಾಸನವು ಹೇಳುವುದು. ವೇದವನ್ನು ಓದುವವರು 200 ಮಂದಿ, ಶಾಸ್ತ್ರಗಳನ್ನು ಓದುವವರು 50 ಮಂದಿ, ಅವರಿಗೆ ಉಪಾಧ್ಯಾಯರು, ಇದಲ್ಲದೆ ಸರಸ್ವತೀ ಭಂಡಾರಿಗರು 6 ಮಂದಿ. ಭಂಡಾರಿಗರೆಂದರೆ ಪುಸ್ತಕಗಳನ್ನು ಕಾಯುವವರು. ಅಂದಿನ ಅರಸರು ಹೊನ್ನಿನ ಭಂಡಾರಕ್ಕೆ ಕಾವಲಿಟ್ಟದ್ದರಲ್ಲಿ ವಿಶೇಷವಿಲ್ಲ. ಓಲೆಗರಿಯ ಭಂಡಾರಕ್ಕೆ ಆರು ಮಂದಿಯನ್ನು ಗೊತ್ತುಪಡಿಸಿ ಅವರ ಜೀವನಕ್ಕೆ ಭೂಮಿಯನ್ನು ಬಿಡಿಸಿಕೊಟ್ಟದ್ದು ವಿಶೇಷವು.

1068ರಲ್ಲಿ ಈ ಸೋಮೇಶ್ವರನು ಮಾಯದ ಜ್ವರದಿಂದ ನೊಂದು, ತುಂಗಭದ್ರೆಯ ತಡಿಯ ಕುರುವತ್ತಿಯಲ್ಲಿ ಹೊಳೆಗೆ ಇಳಿದು ದೇಹವನ್ನು ಬಿಟ್ಟನು. ಅಂದಿನಿಂದ ಮನೆಯೊಳಗಿನ ಬೆಂಕಿಯು ಹೊತ್ತಿತು. ಹಿರಿಯ ಮಗನಾದ ಇಮ್ಮಡಿ ಸೋಮೇಶ್ವರನು ಪಟ್ಟವೇರಿದನು. ಎರಡನೆಯವನು ವಿಕ್ರಮಾದಿತ್ಯನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ತಮ್ಮನು ದಕ್ಷಿಣದಲ್ಲಿ ತನ್ನದೇ ಆದ ಮಿತ್ರರನ್ನು ಕೂಡಿಸಿದನು. ಅಣ್ಣನು ತಮ್ಮನ ವೈರಿಯಾದ ಚೋಳ ಕುಲೋತ್ತುಂಗನ ಕಡೆಗೆ ವಾಲಿದನು. ಕೊನೆಗೆ 1076ರಲ್ಲಿ ತಮ್ಮನು ಅಣ್ಣನನ್ನು ಸೆರೆಯಲ್ಲಿಟ್ಟು ತಾನೇ ಚಕ್ರವರ್ತಿಯಾದನು. ಆ ವರ್ಷದಿಂದಲೇ ತನ್ನ ಹೆಸರಿನ ಶಕೆಯನ್ನು ನಡೆಯಿಸಿದನು. ಶಕೆಯ ಮೊದಲನೆಯ ದಿನವೂ ಅಣ್ಣನ ಸೆರೆವಾಸದ ಮೊದಲ ದಿನಗಳೂ ಹೀಗೆ ಒಂದೇ ವರ್ಷಕ್ಕೆ ಸೇರಿದವು.

ಇದನ್ನು ಕವಿಯು ಹೇಗೆ ಹೇಳಿದನು? ಕಾಶ್ಮೀರದ ಖೋನಮುಖವೆಂಬ ಗ್ರಾಮದಿಂದ ಹೊರಟು ದೇಶವನ್ನೆಲ್ಲ ತಿರುಗಿ ಬಂದ ಬಿಲ್ಹಣನು ಕಲ್ಯಾಣದಲ್ಲಿ ವಿದ್ಯಾಪತಿಯಾದನು. ಕರ್ಣಾಟದ ದೊರೆಯು ಆತನಿಗೆ ಕೊಟ್ಟ ಛತ್ರ ಮರ್ಯಾದೆಗಳ ಸುದ್ದಿಯು ಕಾಶ್ಮೀರದ ವರೆಗೆ ಮುಟ್ಟಿ, ಮುಂದೆ ಕಲ್ಹಣನ ರಾಜತರಂಗಿಣಿಯಲ್ಲಿಯೂ ಸೇರಿತು. ಬಿಲ್ಹಣನು 18 ಸರ್ಗಗಳ ವಿಕ್ರಮಾಂಕದೇವಚರಿತದಲ್ಲಿ ಉಂಡ ಮನೆಯ ಋಣವನ್ನು ತೀರಿಸಿದನು. ಅದರಲ್ಲಿ ತಂದೆಯು ಯುವರಾಜಪದವಿಯನ್ನು ಕೊಡಬಂದರೆ ವಿಕ್ರಮನು ಅಣ್ಣನಿರುವಾಗ ತನಗದು ಸಲ್ಲದೆನ್ನುವನು. ಅಣ್ಣನಾದರೋ ದುರ್ಮದಾಂಧನಾಗಿ ಕೆಡುವನು. ಶಿವನೇ ಅಪ್ಪಣೆ ಕೊಟ್ಟ ಮೇಲೆ ತಮ್ಮನು ಮನಸ್ಸಿಲ್ಲದ ಮನಸ್ಸಿನಿಂದ ಅಣ್ಣನ ಮೇಲೆ ಕೈಯೆತ್ತುವನು. ವೈದರ್ಭೀ ಶೈಲಿಯು ಸೊಗಸಾಗಿದೆ. ಆದರೆ ಸೆರೆಮನೆಯಲ್ಲಿದ್ದ ಅಣ್ಣನ ಕಡೆಯ ಮಾತನ್ನು ಬರೆದಿಡಲು ಯಾವ ಕವಿಯೂ ಇರಲಿಲ್ಲ. ಗೆದ್ದವನ ಮನೆಯಲ್ಲಿ ಉಂಡವನ ಸಾಕ್ಷ್ಯವನ್ನು ನ್ಯಾಯಸ್ಥಾನವು ಎಷ್ಟು ನಂಬುವುದೋ ಅಷ್ಟೇ ಈ ಕಾವ್ಯವನ್ನೂ ನಂಬತಕ್ಕದ್ದು. ಈ ಪುಸ್ತಕವೂ ಕಲ್ಯಾಣದಲ್ಲಿ ಉಳಿಯಲಿಲ್ಲ. 1874ರಲ್ಲಿ ಜರ್ಮನ್ ಪಂಡಿತ ಬ್ಯೂಲರ್ ಮಹಾಶಯರಿಗೆ ರಾಜಪುತಾನದ ಮರಳುಗಾಡಿನ ಜೈಸಲ್ಮೇರಿನಲ್ಲಿ, ಜೈನರ ಭಂಡಾರದಲ್ಲಿ, ಇದರ ಓಲೆಯ ಪ್ರತಿಯು ದೊರೆಯಿತು.

ವಿಕ್ರಮಾದಿತ್ಯನು 1126ರ ವರೆಗೆ, ಹತ್ತಿರ ಹತ್ತಿರ ಐವತ್ತು ವರ್ಷ, ಆಳಿದನು. ನಡುವೆ ತಮ್ಮನಾದ ಜಯಸಿಂಹನು ಬನವಾಸಿಯಿಂದ ತಿರುಗಿಬಿದ್ದನು. ಅಣ್ಣನಿಗೆ ತಾನು ಕಲಿಸಿದ ಪಾಠವನ್ನೇ ತಮ್ಮನು ತನಗೆ ಒಪ್ಪಿಸಿದಾಗ ವಿಕ್ರಮನ ಮನಸ್ಸಿನಲ್ಲಿ ಏನಾಯಿತೋ! ಜಯಸಿಂಹನು ಸೋತನು. ಆ ಮೇಲೆ ನಾಡಿನಲ್ಲಿ ಬಹುಕಾಲ ದೊಡ್ಡ ಗಲಭೆಯಿಲ್ಲ, ವ್ಯಾಪಾರವು ಬೆಳೆಯಿತು.

ಈ ಮನೆಯವರು ತಾವೇ ತಕ್ಕಡಿ ಹಿಡಿದವರಲ್ಲ; ಆದರೆ ತಕ್ಕಡಿ ಹಿಡಿದವರನ್ನು ಬಾಳಿಸಿ ತಾವೂ ಬಾಳಿದವರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಮಹಾಸಂಘವು ಈ ಕಾಲದಲ್ಲಿ ದೇಶದೇಶಗಳ ವರೆಗೆ ಹಬ್ಬಿತ್ತು. ಆನೆ ಕುದುರೆಗಳು, ಮುತ್ತು ನೀಲಗಳು, ಏಲಕ್ಕಿ ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ ಇವುಗಳನ್ನು ಕತ್ತೆ ಕೋಣಗಳ ಮೇಲೆ ಹೇರಿಕೊಂಡು ಅವರು ಮಾರುತ್ತಿದ್ದರು. ವೀರಬಣಂಜು ಧರ್ಮವೆಂಬ ತಮ್ಮದೇ ಕಟ್ಟಳೆ, ತಮ್ಮದೇ ಧ್ವಜ, ತಮ್ಮದೇ ಶಾಸನಗಳು ಅವರಿಗಿದ್ದವು. ಅರಸರು ಈ ಸಂಘವನ್ನು ಮುರಿಯಲಿಲ್ಲ, ಸುಂಕವನ್ನು ಮಾತ್ರ ಬಿಡಲಿಲ್ಲ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಎಂದು ಸುಂಕಗಳ ಹೆಸರೇ ಶಾಸನಗಳಲ್ಲಿ ಒಂದು ಸಾಲು. ಪನ್ನಾಯದ ಮೇಲಾಡಳಿತವನ್ನು ನೋಡಿಕೊಳ್ಳುತ್ತಿದ್ದ ಅನಂತಪಾಲನು ದಂಡನಾಯಕನೂ ಆಗಿದ್ದನು. ಲೊಕ್ಕಿಗುಂಡಿಯ, ಎಂದರೆ ಲಕ್ಕುಂಡಿಯ, ಟಂಕಸಾಲೆಯಿಂದ ಹೊರಟ ಲೊಕ್ಕಿ ಗದ್ಯಾಣವು ದೂರದೂರದ ಸಂತೆಗಳಲ್ಲಿ ನಡೆಯಿತು. ನಾರಾಯಣಪುರದಂತಹ ಊರುಗಳಲ್ಲಿ ಕಲ್ಲಿನ ಗುಡಿಗಳು ಎದ್ದುದಕ್ಕೆ ಅರಸರ ಭಕ್ತಿಯು ಕಾರಣವೆನ್ನುವವರು ಈ ಎತ್ತಿನ ಹೇರುಗಳನ್ನೂ ಒಂದಿಷ್ಟು ನೆನೆಯಬೇಕು.

ಹಣವು ಬೆಳೆದ ನಾಡಿನಲ್ಲಿ ವ್ಯಾಜ್ಯವೂ ಬೆಳೆಯುವುದು. ವ್ಯಾಜ್ಯವು ಬೆಳೆದಲ್ಲಿ ನ್ಯಾಯಶಾಸ್ತ್ರವು ಬೇಕಾಗುವುದು. ಇದೇ ವಿಕ್ರಮನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆತನದು ಕಲಬುರ್ಗಿಯ ಕಡೆಯ ಮರ್ತೂರು ಎಂದು ಹೇಳುವರು. ಹೆಸರು ಮಿತಾಕ್ಷರವಾದರೂ ಗ್ರಂಥವೇನೂ ಚಿಕ್ಕದಲ್ಲ. ಪಾಲುಗಾರರು ಕೂಡಿ ವ್ಯಾಪಾರ ಮಾಡಿದರೆ ಲಾಭನಷ್ಟಗಳನ್ನು ಹೇಗೆ ಹಂಚಿಕೊಳ್ಳಬೇಕು, ಸಾಲಕ್ಕೆ ಬಡ್ಡಿಯೆಷ್ಟು, ಒತ್ತೆಯಿಟ್ಟ ಒಡವೆಯ ಗತಿಯೇನು ಎಂಬ ಸಂತೆಯ ಪ್ರಶ್ನೆಗಳೂ ಅದರಲ್ಲುಂಟು. ಆದರೆ ಅದಕ್ಕೆ ಅಖಿಲ ಭರತಖಂಡದಲ್ಲಿ ಕೀರ್ತಿ ಬಂದುದು ದಾಯಭಾಗದ ಪ್ರಕರಣದಿಂದ. ಪಿತ್ರಾರ್ಜಿತ ಸೊತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದು. ತಂದೆಯು ಸಾಯುವ ವರೆಗೆ ಅದು ಕಾದುಕೊಂಡಿರತಕ್ಕದ್ದಲ್ಲ. ತಂದೆಯು ಅದನ್ನು ಮನಸ್ಸಿಗೆ ಬಂದವರಿಗೆ ಧಾರೆಯೆರೆಯುವಂತಿಲ್ಲ. ಸಪಿಂಡನೆಂದರೆ ಪಿಂಡದನ್ನದ ಸಂಬಂಧಿಯಲ್ಲ, ಒಂದೇ ದೇಹದ ಅಂಶವನ್ನು ಪಡೆದವನೆಂದು ಆತನು ಅರ್ಥ ಮಾಡಿದನು. ಸ್ತ್ರೀಧನವೆಂಬ ಮಾತಿನ ಸೀಮೆಯನ್ನೂ ಹಿಂದಿನವರಿಗಿಂತ ಅಗಲಿಸಿದನು.

ಕೊನೆಯಲ್ಲಿ ವಿಜ್ಞಾನೇಶ್ವರನು ಕಲ್ಯಾಣದಂತಹ ನಗರವಿಲ್ಲ, ವಿಕ್ರಮಾಂಕನಂತಹ ದೊರೆಯಿಲ್ಲ ಎಂದು ಕೊಂಡಾಡಿ, ಅದೇ ಉಸಿರಿನಲ್ಲಿ ತನ್ನಂತಹ ಪಂಡಿತನೂ ಇಲ್ಲವೆಂದು ಸೂಚಿಸುವನು. ಆ ಜಂಭವನ್ನು ಕ್ಷಮಿಸಬಹುದು. ಒಡಹುಟ್ಟಿದವನ ಪಾಲನ್ನು ಕಸಿದುಕೊಂಡ ದೊರೆಯ ನೆರಳಿನಲ್ಲಿ ಕುಳಿತು, ಒಡಹುಟ್ಟಿದವರು ಪಾಲಾಗುವ ಕ್ರಮವನ್ನು ಆತನು ಬರೆದನು. ರಾಜ್ಯವು ಹಂಚುವ ಸೊತ್ತಲ್ಲ, ಅದು ಹಿರಿಯನಿಗೆ ಸಲ್ಲುವುದು ಎಂದು ಶಾಸ್ತ್ರಿಗಳು ಸಮಾಧಾನ ಹೇಳಬಹುದು. ಹಾಗಾದರೆ ಹಿರಿಯನು ಸೆರೆಯಲ್ಲೇಕಿದ್ದನು? ಬರೆಯುವಾಗ ಪಂಡಿತನಿಗೆ ಈ ನೆನಪು ಒಮ್ಮೆಯೂ ಬರಲಿಲ್ಲವೇ ಎಂದು ಕೇಳಬೇಕೆನಿಸುವುದು. ಗ್ರಂಥವು ಆ ವಿಷಯದಲ್ಲಿ ಮೌನವಾಗಿರುವುದು.

ಪಟ್ಟಕ್ಕಾಗಿ ಕಾದಾಡಿದ ಈ ಅಣ್ಣತಮ್ಮಂದಿರ ನಡುವೆ ಇನ್ನೊಬ್ಬ ತಮ್ಮನಿದ್ದನು. ಅವನ ಹೆಸರು ಕೀರ್ತಿವರ್ಮ. ಶಕೆಯನ್ನು ನಿಲ್ಲಿಸಿದವನಲ್ಲ, ಸೆರೆಯನ್ನು ಕಂಡವನಲ್ಲ. ಆದುದರಿಂದಲೇ ಇತಿಹಾಸಕಾರರು ಒಂದು ಸಾಲಿನಲ್ಲಿ ಮುಗಿಸಿಬಿಡುವರು. ಈತನು ಕನ್ನಡದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ರಚಿಸಿದನು. ಹೆಸರೇ ಹೇಳುವಂತೆ ದನಗಳ ರೋಗಗಳಿಗೆ ಮದ್ದು ಹೇಳುವ ಪುಸ್ತಕವದು; ಮದ್ದಿನೊಡನೆ ಮಂತ್ರವೂ ಉಂಟು. ಕನ್ನಡದಲ್ಲಿ ಪಶುವೈದ್ಯದ ಮೇಲೆ ತಿಳಿದುಬಂದಿರುವ ಗ್ರಂಥಗಳಲ್ಲಿ ಇದೇ ಮೊದಲನೆಯದು. ಇಡಿಯಾಗಿ ಉಳಿದಿಲ್ಲ, ಒಂದು ಭಾಗವು ಮಾತ್ರ ಉಳಿದಿದೆ.

ಚಕ್ರವರ್ತಿಯ ಮಗನು, ಚಕ್ರವರ್ತಿಯ ತಮ್ಮನು, ಆನೆಯ ಮೇಲೆ, ಕುದುರೆಯ ಮೇಲೆ ಬರೆದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಅವು ದಂಡಿಗೆ ಬೇಕಾದ ಪ್ರಾಣಿಗಳು. ಹಸು ಎತ್ತುಗಳು ಒಕ್ಕಲಿಗನಿಗೆ ಬೇಕಾದವು. ಸಂಸ್ಕೃತದಲ್ಲಿ ಬರೆದಿದ್ದರೆ ಪಂಡಿತರು ಓದಿ ತಲೆದೂಗುತ್ತಿದ್ದರು. ಕನ್ನಡದಲ್ಲಿ ಬರೆದುದರಿಂದ, ಓದಬಲ್ಲವನೊಬ್ಬನು ಊರಿನಲ್ಲಿದ್ದರೆ ಹಟ್ಟಿಯ ತನಕ ಹೋಗಿ ಮುಟ್ಟುವಂತಾಯಿತು. ಬೀದರ ಸೀಮೆಯು ಇಂದಿಗೂ ದೇವಣಿ ತಳಿಯ ದನಗಳಿಗೆ ಹೆಸರಾದುದು. ಜೋಳ ತೊಗರಿಗಳನ್ನು ಬೆಳೆಯುವ ಕಪ್ಪು ಮಣ್ಣಿನ ಈ ಹೊಲಗಳಲ್ಲಿ, ಬಿತ್ತಿಗೆಯ ಹೊತ್ತಿಗೆ ಎತ್ತು ಕಾಲು ಕುಂಟಿದರೆ ಒಂದು ಮನೆಯ ವರ್ಷದ ಅನ್ನವೇ ಕುಂಟುವುದೆಂಬುದನ್ನು ಅರಿಯದವರಿಲ್ಲ. ಅದನ್ನು ಅರಮನೆಯಲ್ಲಿ ಹುಟ್ಟಿದ ಒಬ್ಬನು ಅರಿತದ್ದು ಹೇಗೆ? ಪಟ್ಟದ ಹಂಬಲವಿಲ್ಲದೆ ಕೊಟ್ಟಿಗೆಯ ಕಡೆಗೆ ಕಣ್ಣು ಹರಿಸಲು ಬಿಡುವಾಯಿತು ಎನ್ನುವುದೊಂದೇ ಉತ್ತರವೋ ಏನೋ. ಈ ಮನೆಯವರ ಬಿರುದಾವಳಿಯನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಗೋವೈದ್ಯದ ಉಳಿದ ಗರಿಗಳನ್ನು ಇನ್ನೊಂದರಲ್ಲಿಟ್ಟರೆ, ನಾರಾಯಣಪುರದ ಒಕ್ಕಲಿಗನು ಯಾವ ತಟ್ಟೆಯು ಭಾರವೆಂದು ಹೇಳುವನೆಂಬುದರಲ್ಲಿ ಸಂದೇಹವಿಲ್ಲ.

ವಿಕ್ರಮನ ಮಗನು ಮೂರನೆಯ ಸೋಮೇಶ್ವರನು. 1126ರಲ್ಲಿ ಪಟ್ಟಕ್ಕೆ ಬಂದನು, 1138ರ ವರೆಗೆ ಆಳಿದನು. ಸಾಮಂತರು ಕೈಮೀರತೊಡಗಿದ್ದ ಕಾಲವದು; ಅದರಲ್ಲಿಯೂ ಹೊಯ್ಸಳ ವಿಷ್ಣುವರ್ಧನನು ಸುಮ್ಮನಿರುವವನಲ್ಲ. ಆದರೂ 1129ರಲ್ಲಿ ಈತನು ಮಾನಸೋಲ್ಲಾಸವನ್ನು ಮುಗಿಸಿದನು. ಅಭಿಲಷಿತಾರ್ಥಚಿಂತಾಮಣಿಯೆಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯಗಳು, ಒಟ್ಟು ನೂರು. ರಾಜ್ಯವನ್ನು ಪಡೆಯುವುದು, ಪಡೆದ ರಾಜ್ಯವನ್ನು ನೆಲೆಗೊಳಿಸುವುದು, ಉಪಭೋಗಗಳು, ವಿನೋದಗಳು, ಕ್ರೀಡೆಗಳು ಎಂಬುದು ಅನುಕ್ರಮವು. ಇಷ್ಟು ಕೇಳಿದವರು ಇದೊಂದು ಒಣ ರಾಜನೀತಿಯೆಂದು ತಿಳಿದಾರು. ಪುಟ ತೆರೆದರೆ ಬೇರೊಂದು ಲೋಕವೇ ಕಾಣುವುದು. ಗೋಡೆಗೆ ಗಾರೆ ಬಳಿದು ಚಿತ್ರ ಬರೆಯುವ ಬಗೆ, ಆನೆಗೆ ಬರುವ ರೋಗ, ರತ್ನಗಳ ಪರೀಕ್ಷೆ, ಯಾವ ಮೀನಿಗೆ ಯಾವ ಎರೆ, ಕೋಳಿಯ ಅಂಕ, ಮಲ್ಲರ ಆಹಾರ ಎಲ್ಲವನ್ನೂ ಚಕ್ರವರ್ತಿಯು ತಾನೇ ಹೇಳುವನು. ಬೊಕ್ಕಸದ ವಿಷಯದಲ್ಲಿ ಬಂದ ಆದಾಯದ ಮುಕ್ಕಾಲನ್ನು ವೆಚ್ಚ ಮಾಡಿ ಕಾಲು ಪಾಲನ್ನು ಉಳಿಸಬೇಕೆನ್ನುವನು. ಮನೆವಾರ್ತೆ ನಡೆಸುವ ಯಾವ ಮುದುಕಿಯೂ ಇದನ್ನು ಒಪ್ಪುವಳು.

ಅನ್ನಭೋಗದ ಅಧ್ಯಾಯವನ್ನು ಓದುವಾಗಲಂತೂ ಕನ್ನಡಿಗನ ಬಾಯಲ್ಲಿ ನೀರೂರುವುದು. ಇಡ್ಡರಿಕಾ, ಧೋಸಕ, ವಟಕ, ಮಂಡಕ! ಸಂಸ್ಕೃತದ ಮಡಿಯನ್ನುಟ್ಟು ಬಂದ ಈ ಅತಿಥಿಗಳನ್ನು ಇಡ್ಲಿ, ದೋಸೆ, ವಡೆ, ಮಂಡಿಗೆಗಳೆಂದು ಗುರುತಿಸಲು ಪಂಡಿತರು ಬೇಕಿಲ್ಲ. ಅಂದಿನ ಇಡ್ಡರಿಕೆಯು ಉದ್ದಿನ ಹಿಟ್ಟಿನದು. ಸಂಗೀತದ ಅಧ್ಯಾಯದಲ್ಲಿ ಷಟ್ಪದಿಯು ಕತೆಗೆ ಒಪ್ಪುವುದೆಂದೂ, ಮದುವೆಯಲ್ಲಿ ಧವಳವನ್ನು ಹಾಡುವರೆಂದೂ, ಮಹಾರಾಷ್ಟ್ರದ ಹೆಂಗಸರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುವರೆಂದೂ ಬರೆದಿರುವನು. ಒನಕೆಯ ಸದ್ದು ಸಿಂಹಾಸನದ ವರೆಗೆ ಕೇಳಿಸುತ್ತಿತ್ತೆಂದು ಇದರ ಅರ್ಥವಲ್ಲವೇ? ಈತನನ್ನು ಸರ್ವಜ್ಞ ಚಕ್ರವರ್ತಿಯೆಂದು ಕರೆದರು. ರಾಜ್ಯವನ್ನು ಸಡಿಲಬಿಟ್ಟು ಪುಸ್ತಕವನ್ನು ಬಿಗಿಹಿಡಿದನೆಂದು ಈತನನ್ನು ಹಳಿಯುವ ಇತಿಹಾಸಕಾರರುಂಟು. ಆ ಮಾತಿನಲ್ಲಿ ನಿಜವಿರಬಹುದು. ಆದರೆ ಬಿಗಿಹಿಡಿದವರ ರಾಜ್ಯವಾದರೂ ಎಲ್ಲಿ ಉಳಿಯಿತು? ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ ಅಚ್ಚಾಗತೊಡಗಿದ ಮಾನಸೋಲ್ಲಾಸವನ್ನು ಅಡಿಗೆಯ ಚರಿತ್ರೆ ಬರೆಯುವವರು, ಚಿತ್ರಕಾರರು, ಸಂಗೀತಗಾರರು ಈಗಲೂ ಮಗುಚಿ ನೋಡುತ್ತಿರುವರು.

ಈ ಸೋಮೇಶ್ವರನು ತನ್ನ ತಂದೆಯ ಚರಿತ್ರೆಯನ್ನೂ ವಿಕ್ರಮಾಂಕಾಭ್ಯುದಯವೆಂಬ ಹೆಸರಿನಿಂದ ಆರಂಭಿಸಿದನು. ಅದು ಅರ್ಧಕ್ಕೇ ನಿಂತಿದೆ. ಪರಕೀಯನಾದ ಬಿಲ್ಹಣನು 18 ಸರ್ಗಗಳನ್ನು ಬರೆದಲ್ಲಿ ಹೊಟ್ಟೆಯ ಮಗನಿಂದ ಮುಗಿಸಲಾಗಲಿಲ್ಲ. ದೊಡ್ಡಪ್ಪನ ಸೆರೆವಾಸದ ಪ್ರಕರಣವನ್ನು ಮಗನು ಹೇಗೆ ಬರೆಯುತ್ತಿದ್ದನೋ ಎಂಬ ಕುತೂಹಲವು ಹಾಗೆಯೇ ಉಳಿಯುವುದು.

ಆತನ ಮಗನು ಇಮ್ಮಡಿ ಜಗದೇಕಮಲ್ಲನು, 1138ರಿಂದ 1151ರ ವರೆಗೆ ಆಳಿದನು, ಸಂಗೀತಚೂಡಾಮಣಿಯನ್ನು ರಚಿಸಿದನು. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳಿಂದ ಕನ್ನಡ ನುಡಿಗೆ ಲಕ್ಷಣವನ್ನು ಹೇಳಿದ ನಾಗವರ್ಮನು ಈತನ ಕಟಕೋಪಾಧ್ಯಾಯನು. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ಬರೆಯುವಾಗ ಹಿಂದಿನ ಆಚಾರ್ಯರನ್ನು ಹೆಸರಿಸುತ್ತ ಪರಮರ್ದಿ, ಸೋಮೇಶ, ಜಗದೇಕ ಎಂಬ ಮೂವರನ್ನು ಸಾಲಾಗಿ ನಿಲ್ಲಿಸುವನು. ಪರಮರ್ದಿಯೆಂದರೆ ಪೆರ್ಮಾಡಿಯೆನಿಸಿದ ವಿಕ್ರಮಾದಿತ್ಯನೇ ಎಂದು ಕೆಲವರ ಮತ. ಅದು ನಿಜವಾದರೆ ಅಜ್ಜ ಮಗ ಮೊಮ್ಮಗ ಮೂವರೂ ಒಂದೇ ಉಸಿರಿನಲ್ಲಿ ಬಂದಂತಾಯಿತು. ಅಂದರೆ, ಕಲ್ಯಾಣವನ್ನು ಕಸಿದುಕೊಂಡ ಸೇವುಣರ ಆಸ್ಥಾನದಲ್ಲಿಯೇ, ಕಳಕೊಂಡವರ ಹೆಸರು ಗುರುಪಂಕ್ತಿಯಲ್ಲಿ ಉಳಿಯಿತು.

ಕೊನೆಯ ಅಂಕವು ಬೇಗ ಮುಗಿಯಿತು. ಮೂರನೆಯ ತೈಲಪನು ಕಾಕತೀಯರಿಗೆ ಸೆರೆಸಿಕ್ಕು ಬಿಡುಗಡೆ ಹೊಂದಿದನು. ಸಾಮಂತನಾದ ಕಳಚುರಿ ಬಿಜ್ಜಳನು ಸಿಂಹಾಸನವನ್ನು ವಶಪಡಿಸಿಕೊಂಡನು. ಆ ಬಿಜ್ಜಳನ ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದುದೂ, ಅನುಭವದ ಮಾತು ಕನ್ನಡದ ವಚನವಾಗಿ ಹರಿದುದೂ ಬೇರೊಂದು ಮಹಾಚರಿತ್ರೆ. 1956ರಿಂದ ಊರು ಅವರ ಹೆಸರಿನಿಂದಲೇ ಬಸವಕಲ್ಯಾಣವಾಯಿತು. ಸುಮಾರು 1184ರಲ್ಲಿ ನಾಲ್ಕನೆಯ ಸೋಮೇಶ್ವರನು ಮನೆಯನ್ನು ಮರಳಿ ಪಡೆದನು. ಐದಾರು ವರ್ಷಗಳಲ್ಲಿ ಸೇವುಣ ಭಿಲ್ಲಮನೂ ಹೊಯ್ಸಳ ಬಲ್ಲಾಳನೂ ಎರಡು ಕಡೆಯಿಂದ ಬಂದರು. ಆ ಮೇಲೆ ಕಲ್ಯಾಣದಲ್ಲಿ ಚಾಲುಕ್ಯರಿಲ್ಲ.

ಹುಮನಾಬಾದದ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯಿರುವಳು. ಆಕೆಯು ಕನ್ನಡಿಯನ್ನು ಹಿಡಿದಿಲ್ಲ, ಗಿಳಿಯನ್ನು ಹಿಡಿದಿಲ್ಲ. ಫಲಕದ ಮೇಲೆ ಅಕ್ಷರಗಳನ್ನು ಕೆತ್ತುತ್ತ ನಿಂತಿರುವಳು. ಅಕ್ಷರಗಳು ವಿಕ್ರಮಾದಿತ್ಯನ ಪ್ರಶಸ್ತಿ. ಬರೆಯುವ ಹೆಂಗಸನ್ನು ಕಡೆದ ಶಿಲ್ಪಿಯು ಬರೆಯಬಲ್ಲ ಹೆಂಗಸನ್ನು ಕಂಡವನೇ ಆಗಿರಬೇಕು. ಅಕ್ಕಾದೇವಿಯ ಮನೆತನದ ನಾಡಿನಲ್ಲಿ ಅದು ಅಸಂಭವವಲ್ಲ.

ಆದರೂ ವಿಜ್ಞಾನೇಶ್ವರನು ಹುಟ್ಟಿನ ಹಕ್ಕನ್ನು ಹೇಳುವಾಗ ಗಂಡುಮಕ್ಕಳನ್ನೇ ಎಣಿಸಿದ್ದನು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ದಾಯಭಾಗದ ಆ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ಬಂಗಾಳ ಅಸಾಮಗಳನ್ನು ಬಿಟ್ಟು ಬಹುಮಟ್ಟಿಗೆ ಎಲ್ಲ ಸೀಮೆಗಳ ಹಿಂದೂ ಮನೆಗಳ ಪಾಲು ಪಾರಿಕತ್ತುಗಳು ನ್ಯಾಯಾಲಯಗಳಲ್ಲಿ ಮಿತಾಕ್ಷರೆಯಂತೆ ನಡೆದವು. ಕಲ್ಯಾಣದ ಚಕ್ರವರ್ತಿಯ ಆಜ್ಞೆಯು ಗಂಗೆಯ ಬಯಲಿನಲ್ಲಿ ಎಂದೂ ಸ್ಥಿರವಾಗಿ ನಡೆಯಲಿಲ್ಲ. ಕಲ್ಯಾಣದ ಪಂಡಿತನ ಮಾತು ನಡೆಯಿತು. 1956ರ ಉತ್ತರಾಧಿಕಾರದ ಶಾಸನವು ಅದನ್ನು ಒಂದಿಷ್ಟು ಬದಲಿಸಿತು. ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯೂ, ಇಡೀ ದೇಶಕ್ಕೆ 2005ರ ತಿದ್ದುಪಡಿಯೂ ಹೇಳಿದವು. ನಾರಾಯಣಪುರದ ಸುತ್ತಿನ ಹಳ್ಳಿಗಳಲ್ಲಿ ಅಪ್ಪನ ಹೊಲವನ್ನು ಪಾಲು ಮಾಡಿಕೊಳ್ಳಲು ಬಸವಕಲ್ಯಾಣದ ಕಚೇರಿಗೆ ಬರುವ ಅಣ್ಣತಮ್ಮಂದಿರನ್ನು ಗುಮಾಸ್ತನು ಈಗ ಮೊದಲು ಕೇಳುವ ಮಾತು, ಅಕ್ಕತಂಗಿಯರು ಎಷ್ಟು ಮಂದಿ, ಅವರ ರುಜು ಎಲ್ಲಿ, ಎಂದು.